ನನಗೆ ಎಲ್ಲವೂ ಕೇಳಿಸುತ್ತಿತ್ತು

ಹೊಟ್ಟೆನೋವು ಕಾಣಿಸಿಕೊಂಡಾಗ ನಾನು ಮೂರನೆಯ ಕ್ಲಾಸಿನ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಶಿಡ್ಲಘಟ್ಟದ ಹೆಣ್ಣುಮಕ್ಕಳ ಪ್ರೈಮರಿ ಶಾಲೆ. ಅರವತ್ತರ ದಶಕದ ಮೊದಲ ವರ್ಷಗಳು. ಆ ವಾರ ಇನ್ಸ್‌ಪೆಕ್ಟರು ಬರುವವರಿದ್ದರು. ಗೋಡೆಗೆ ಸುಣ್ಣ ಹೊಡೆಸಿ, ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿ ನಾವು ಟೀಚರುಗಳೆಲ್ಲ ಹೈರಾಣಾಗಿದ್ದೆವು. ಹೊಕ್ಕುಳ ಸುತ್ತ ಹಿಂಡಿದ ಹಾಗಾದರೂ ಅಜೀರ್ಣವಿರಬೇಕೆಂದು ಜೀರಿಗೆ ಕಷಾಯ ಕುಡಿದು ಸುಮ್ಮನಾದೆ. ಮಾರನೆಯ ದಿನ ನೋವು ಬಲಗಡೆ ಕೆಳಕ್ಕಿಳಿದು ಅಲ್ಲೇ ಕೂತಿತು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಪಾಠ ಮಾಡಿದೆ. ಇನ್ಸ್‌ಪೆಕ್ಟರು ಬಂದರು, ಪದ್ಯ ಕೇಳಿದರು, ಕಾಫಿ ಕುಡಿದು ಹೋದರು. ಅವರು ಗೇಟು ದಾಟುವವರೆಗೂ ನಗುತ್ತಾ ನಿಂತಿದ್ದವಳು ಆಮೇಲೆ ನಿಂತಲ್ಲೇ ಕುಸಿದೆನಂತೆ.

ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಾಲ್ಕು ವರ್ಷದ ಮಗಳಿದ್ದಳು. ಮನೆಯಲ್ಲಿ ಅತ್ತೆ. ನಾವಿದ್ದ ಬೀದಿಯ ತುಂಬ ರೇಷ್ಮೆ ನೂಲು ತೆಗೆಯುವವರು. ಬೆಳಗಾದರೆ ಗೂಡು ಬೇಯುವ ವಾಸನೆ ಅಡಿಗೆ ಮನೆಯವರೆಗೂ ಬರುತ್ತಿತ್ತು. ಪಕ್ಕದ ಮನೆಯ ಸಾಹೇಬರು ನೂಲಿನ ವ್ಯಾಪಾರದವರು. ಬೀದಿಯಲ್ಲಿ ಕಾರಿದ್ದದ್ದು ಅವರೊಬ್ಬರಿಗೇ. ಸುದ್ದಿ ತಿಳಿದವರೇ ಕಾರು ತಂದು ಶಾಲೆಯ ಮುಂದೆ ನಿಲ್ಲಿಸಿದರು. "ಬಸ್ಸು ಗಿಸ್ಸು ಅಂತ ಕಾಯ್ಬೇಡಿ ಸ್ವಾಮಿ, ಬೇಟೀನ ಹಿಂದಿನ ಸೀಟಲ್ಲಿ ಮಲಗ್ಸಿ" ಅಂದರಂತೆ. ದಾರಿಯುದ್ದಕ್ಕೂ ಪ್ರತಿ ಹಳ್ಳಕ್ಕೂ ಕಾರು ಎಗರಿದಾಗ ನಾನು ಕಿರುಚಿದ್ದು ಮಾತ್ರ ನೆನಪಿದೆ. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ನೋವು ಇದ್ದಕ್ಕಿದ್ದಂತೆ ಕಡಿಮೆಯಾಗಿತ್ತು. ವಾಸಿಯಾಯಿತೆಂದು ನಾನು ಸಮಾಧಾನಪಟ್ಟೆ. ಅದನ್ನು ಕೇಳಿ ಡಾಕ್ಟರ ಮುಖ ಗಂಭೀರವಾಯಿತು. ಅಪೆಂಡಿಕ್ಸ್ ಒಡೆದು ಹೋಗಿತ್ತು.

ಡಾಕ್ಟರು ನಲವತ್ತರ ಆಸುಪಾಸಿನವರು. ಮಾತು ಕಡಿಮೆ, ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಹೊಟ್ಟೆ ಕೊಯ್ದು, ಕೀವು ತೆಗೆದು, ತೊಳೆದು ಹೊಲಿಗೆ ಹಾಕಿದರು. ಎಚ್ಚರವಾದಾಗ "ಗಂಡಾಂತರ ಕಳೀತಮ್ಮ" ಎಂದರು. ಗೌರಿಬಿದನೂರಿನ ಕಡೆಯಿಂದ ನನ್ನ ಅಮ್ಮನೂ ತಂಗಿಯೂ ಬಂದಿದ್ದರು. ನಮ್ಮ ತವರು ವಿದುರಾಶ್ವತ್ಥದ ಪಕ್ಕದ ಒಂದು ಹಳ್ಳಿ; ಹೊಲ, ಹುಣಸೆ ಮರ, ಎಮ್ಮೆಗಳ ಮನೆ. ಅಪ್ಪ ತೀರಿಕೊಂಡಿದ್ದರು, ಬೇಸಾಯವೆಲ್ಲ ಅಣ್ಣನದು. ತಂಗಿಗೆ ಇಪ್ಪತ್ತಾಗಿತ್ತು, ಎಸ್ಸೆಸ್ಸೆಲ್ಸಿ ಮುಗಿಸಿ, ನನ್ನ ಹಾಗೆ ಟೀಚರ್ ಟ್ರೈನಿಂಗಿಗೆ ಸೇರುತ್ತೇನೆಂದು ಅಮ್ಮನನ್ನು ಕಾಡುತ್ತಿದ್ದಳು. ಅವಳು ಹಗಲೆಲ್ಲ ನನ್ನ ತಲೆದಿಂಬಿನ ಪಕ್ಕ ಕೂತು ಬೀಸಣಿಗೆ ಬೀಸುತ್ತಾ, ವಾರ್ಡಿನ ಹೆಂಗಸರ ಕಥೆಗಳನ್ನು ಪಿಸುಗುಟ್ಟುತ್ತಿದ್ದಳು. ನಗಿಸಬೇಡ, ಹೊಲಿಗೆ ಎಳೆಯುತ್ತದೆ ಎಂದು ನಾನು ಅವಳ ಕೈ ಚಿವುಟುತ್ತಿದ್ದೆ. ಗಂಜಿ ಇಳಿಯತೊಡಗಿತ್ತು. ಕಿಟಕಿಯಲ್ಲಿ ಕಳವಾರ ಬೆಟ್ಟ ಕಾಣುತ್ತಿತ್ತು. ಇನ್ನೇನು ಮನೆಗೆ ಹೋಗುತ್ತೇನೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಎಡಗಾಲು ಊದಿಕೊಂಡಿತು. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ಜೀವ ಹೋಗುತ್ತಿತ್ತು. ಹಾಸಿಗೆಯಲ್ಲೇ ಮಲಗಿದ್ದರಿಂದ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದು ಕಿತ್ತುಕೊಂಡು ಎದೆಗೆ ಹೋದರೆ ಅಪಾಯ ಎಂದರು ಡಾಕ್ಟರು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಚುಚ್ಚುಮದ್ದನ್ನು ಬೆಂಗಳೂರಿನಿಂದ ತರಿಸಿ ಕೊಡತೊಡಗಿದರು. ಕಾಲಿನ ಬಾವು ನಿಧಾನವಾಗಿ ಇಳಿಯಿತು. ಆದರೆ ಅದು ಇಳಿಯುವ ಹೊತ್ತಿಗೆ ಬೆನ್ನಿನಲ್ಲಿ, ಪಕ್ಕೆಲುಬುಗಳ ಕೆಳಗೆ, ಎರಡೂ ಕಡೆ, ಯಾರೋ ಒಳಗಿನಿಂದ ಮುಷ್ಟಿಯಲ್ಲಿ ಒತ್ತಿದಂಥ ನೋವು ಹುಟ್ಟಿಕೊಂಡಿತು. ಮಗ್ಗುಲಾದರೂ ಅದೇ, ಅಂಗಾತ ಮಲಗಿದರೂ ಅದೇ. ಜ್ವರ ಬಂತು. ನೀರು ಕುಡಿದರೆ ನೀರು, ಗಂಜಿ ಕುಡಿದರೆ ಗಂಜಿ, ಎಲ್ಲ ವಾಂತಿ.

ಆಮೇಲೆ ಶುರುವಾದದ್ದು ಸುಸ್ತು. ಆ ಪದ ಅದಕ್ಕೆ ಸಾಲದು. ಬಾಣಂತಿತನದ ಸುಸ್ತು ನನಗೆ ಗೊತ್ತಿತ್ತು, ಉಪವಾಸದ ಸುಸ್ತು ಗೊತ್ತಿತ್ತು. ಇದು ಬೇರೆ. ಮೈಯೊಳಗಿನ ಸತ್ವವನ್ನೆಲ್ಲ ಯಾರೋ ಬಸಿದುಕೊಂಡು ಹೋಗಿದ್ದರು. ದಿಂಬಿನಿಂದ ತಲೆ ಎತ್ತಬೇಕೆಂದು ನಿರ್ಧರಿಸುವುದಕ್ಕೇ ಶಕ್ತಿ ಇರಲಿಲ್ಲ. ನರ್ಸು ಬೆನ್ನಿಗೆ ಕೈ ಕೊಟ್ಟು ಕೂರಿಸಿದರೆ ಕಣ್ಣು ಕತ್ತಲಿಟ್ಟು ಮತ್ತೆ ಅಂಗಾತ ಬೀಳುತ್ತಿದ್ದೆ. ರಕ್ತದ ಒತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ನೋಡುತ್ತಿದ್ದರು.

"ಗಾಯ ಚೆನ್ನಾಗಿದೆ. ನೀವು ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋಬೇಕು" ಎಂದರು ನರ್ಸು.

ಅಮ್ಮ ಅದನ್ನೇ ಹಿಡಿದುಕೊಂಡಳು. "ಕಣ್ಣು ಬಿಡೇ. ಮಗಾನ ನೆನೆಸ್ಕೊಂಡು ಎದ್ದು ಕೂತ್ಕಳೇ. ನೀನೇ ಕೈಚೆಲ್ಲಿದ್ರೆ ಡಾಕ್ಟ್ರೇನು ಮಾಡ್ತಾರೆ?"

ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ.

ಅಲ್ಲಿಂದ ಮುಂದಿನದನ್ನು ಹೇಗೆ ಹೇಳಬೇಕೋ ತಿಳಿಯದು. ನಾನು ಎಚ್ಚರ ತಪ್ಪಿದ್ದೆ ಎಂದು ಎಲ್ಲರೂ ತಿಳಿದಿದ್ದರು. ಆಗಾಗ ತಪ್ಪಿದ್ದೂ ಉಂಟು; ನಡುನಡುವೆ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ಆದರೆ ಬಹಳ ಹೊತ್ತು ನಾನು ಅಲ್ಲೇ, ಮುಚ್ಚಿದ ರೆಪ್ಪೆಯ ಹಿಂದೆ, ಪೂರ್ತಿ ಎಚ್ಚರವಾಗಿದ್ದೆ. ಬಕೆಟ್ಟಿನ ಸದ್ದು ಕೇಳಿಸುತ್ತಿತ್ತು. ಪಕ್ಕದ ಮಂಚದ ಅಜ್ಜಿ ತೆಲುಗಿನಲ್ಲಿ ಸೊಸೆಯನ್ನು ಬೈಯುವುದು ಕೇಳಿಸುತ್ತಿತ್ತು. ಚಿಕ್ಕ ರೈಲು ಶಿಡ್ಲಘಟ್ಟದ ಕಡೆಗೆ ಹೊರಟಾಗ ಅದರ ಕೂಗು ಕೇಳಿಸುತ್ತಿತ್ತು. ಆ ರೈಲಿನಲ್ಲಿ ಕೂತರೆ ಮಗಳ ಹತ್ತಿರ ಹೋಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಒಂದು ಬೆರಳು ಅಲ್ಲಾಡಿಸಿದರೆ ಸಾಕು, ತಂಗಿಗೆ ತಿಳಿಯುತ್ತದೆ ಎಂದುಕೊಂಡು ಬಲಗೈಯ ತೋರುಬೆರಳನ್ನು ಮನಸ್ಸಿನಲ್ಲೇ ಹಿಡಿದು ಎಳೆದೆ. ಬೆರಳು ಯಾರದೋ ಆಗಿತ್ತು. ಒಂದು ನೊಣ ಬಂದು ಕೆಳತುಟಿಯ ಮೇಲೆ ಕೂತಿತು. ತುಟಿಯುದ್ದಕ್ಕೂ ನಡೆಯಿತು. ನಿಂತು ಕಾಲು ಉಜ್ಜಿಕೊಂಡಿತು. ಮತ್ತೆ ನಡೆಯಿತು. ನಾನು ಇಪ್ಪತ್ತೇಳು ವರ್ಷದ ಹೆಂಗಸು, ಒಂದು ಕೋಣೆ ತುಂಬ ಮಕ್ಕಳನ್ನು ಒಂದೇ ಗದರಿಕೆಗೆ ಕೂರಿಸುತ್ತಿದ್ದವಳು. ಒಂದು ನೊಣವನ್ನು ಓಡಿಸಲಾರದೆ ಒಳಗೇ ಅಳುತ್ತಿದ್ದೆ.

ಹಾಗೆ ಮಲಗಿದ್ದಾಗಲೇ ಆ ಮಾತು ಬಂತು.

ಮಧ್ಯಾಹ್ನವಿರಬೇಕು, ಕಿಟಕಿಯ ಬಿಸಿಲು ಪಾದದ ಮೇಲೆ ಬಿದ್ದಿತ್ತು. ಅತ್ತೆ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗು "ಅಮ್ಮ ಯಾಕೆ ಮಾತಾಡಲ್ಲ?" ಎಂದು ಎರಡು ಸಲ ಕೇಳಿತು. ಅತ್ತೆ ಚಿಂತಾಮಣಿಯವರು, ದುಃಖ ಬಂದರೆ ತೆಲುಗು ಬರುತ್ತಿತ್ತು. "ಏಂ ಕರ್ಮಮೋ ತಲ್ಲೀ" ಎಂದು ಬಿಕ್ಕುತ್ತಾ ಮಗುವನ್ನು ಜಗಲಿಗೆ ಕರೆದುಕೊಂಡು ಹೋದರು. ಮಗುವನ್ನು ಅಲ್ಲಿ ಕೂರಿಸಿ ತಾವೊಬ್ಬರೇ ಹಿಂದಿರುಗಿದ್ದು ಬಳೆ ಸದ್ದಿನಿಂದ ತಿಳಿಯಿತು. ನನ್ನ ಗಂಡ ಕಾಲ್ದೆಸೆಯಲ್ಲಿ ನಿಂತಿದ್ದರು. ಅವರು ಕೆಮ್ಮುವ ರೀತಿ ನನಗೆ ಗೊತ್ತು.

ಅಮ್ಮ ಮೆಲ್ಲಗೆ ಹೇಳಿದಳು. "ಅಳಿಯಂದ್ರೆ, ಈ ಹೊತ್ತಲ್ಲಿ ಹೇಳ್ಬಾರ್ದು. ಆದ್ರೆ ಆಮ್ಯಾಕೆ ಯಾರು ಯಾರೋ ಬಾಯಿ ಹಾಕ್ತಾರೆ, ಅದಕ್ಕೆ ಈಗ್ಲೇ ಅಂತೀನಿ. ಮಗಾ ಹೆಣ್ಣು. ಮಲತಾಯಿ ಕೈಗೆ ಬೀಳ್ಬಾರ್ದು. ಚಿಕ್ಕೋಳು ಅವ್ಳೆ ತಾನೆ. ಮನೆ ಮಗಳು ಮನೇಲೇ ಇದ್ದಂಗಾಯ್ತದೆ."

ಬೀಸಣಿಗೆಯ ಗಾಳಿ ನಿಂತಿತು.

ಅತ್ತೆ ಮೂಗೊರೆಸಿಕೊಂಡರು. ಅಮ್ಮ ಮತ್ತೆ, "ನಾನೇಳಿದ್ದು ತಪ್ಪಾ, ಬೀಗಿತ್ತಿ?" ಎಂದಳು. ಅತ್ತೆ ಹೇಳಿದರು, "ತಪ್ಪೇನಿಲ್ಲ ತಾಯಿ. ಇನ್ನೇನು ದಾರಿ ಇದೆ."

ನಾನು ಕಾಯುತ್ತಿದ್ದೆ. ನನ್ನ ಗಂಡ ಮಾತಾಡುತ್ತಾರೆ, ಈಗ ಮಾತಾಡುತ್ತಾರೆ, ಇದೇನು ಮಾತು, ಅವಳಿನ್ನೂ ಇಲ್ಲಿದ್ದಾಳೆ ಎಂದು ಗದರುತ್ತಾರೆ ಎಂದು ಕಾಯುತ್ತಿದ್ದೆ. ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಪ್ಪಲಿಯ ಸದ್ದು ಬಾಗಿಲ ಕಡೆ ಹೋಯಿತು.

ಮಾತಾಡಿದವಳು ತಂಗಿ. "ಅಕ್ಕ ಇನ್ನೂ ಉಸಿರಾಡ್ತಾವ್ಳೆ ಕಣಮ್ಮ" ಎಂದಳು. ಅವಳ ದನಿ ನಡುಗುತ್ತಿತ್ತು. ಅದು ನನಗಾಗಿಯೋ, ತನಗಾಗಿಯೋ, ಆಗ ತಿಳಿಯಲಿಲ್ಲ.

"ಸುಮ್ನಿರೇ. ನಿನ್ನನ್ಯಾರು ಕೇಳಿದ್ರು" ಎಂದಳು ಅಮ್ಮ.

ನನ್ನ ಜೀವಮಾನದಲ್ಲಿ ಅಷ್ಟು ಜೋರಾಗಿ ನಾನು ಯಾವತ್ತೂ ಕಿರುಚಿಲ್ಲ. ಯಾರಿಗೂ ಕೇಳಿಸಲಿಲ್ಲ. ನನ್ನ ಸೀರೆಗಳು, ನನ್ನ ಒಲೆ, ನನ್ನ ಮಗಳ ಜಡೆ, ಎಲ್ಲವನ್ನೂ ನನ್ನೆದುರೇ ಹಂಚಿಬಿಟ್ಟಿದ್ದರು. ಕೋಪ ಬಂತು, ಆದರೆ ಕೋಪ ಬಂದರೆ ಎದೆ ಹೊಡೆದುಕೊಳ್ಳಬೇಕು, ಮೈ ಬಿಸಿಯಾಗಬೇಕು. ನನ್ನ ಮೈಯಲ್ಲಿ ಅದೂ ಆಗಲಿಲ್ಲ. ಕೋಪಿಸಿಕೊಳ್ಳುವುದಕ್ಕೂ ಮೈಯ ಸಹಾಯ ಬೇಕೆಂದು ಆವತ್ತು ಗೊತ್ತಾಯಿತು.

ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು. ರಕ್ತದ ಒತ್ತಡ ಮತ್ತೂ ಇಳಿದಿತ್ತು. ಹೊಟ್ಟೆಯೊಳಗೆ ಎಲ್ಲೋ ಮತ್ತೆ ಕೀವು ತುಂಬಿರಬೇಕು, ಇನ್ನೊಂದು ಸಲ ತೆರೆದು ನೋಡದೆ ಗತಿಯಿಲ್ಲ ಎಂದು ಅವರು ನನ್ನ ಗಂಡನಿಗೆ ಹೇಳುವುದು ಕೇಳಿಸಿತು. "ಈ ಸ್ಥಿತಿಯಲ್ಲಿ ಕತ್ತಿ ಹಾಕಿದ್ರೆ ತಡ್ಕೊಳ್ತಾಳಾ?" ಎಂದು ನನ್ನ ಗಂಡ ಕೇಳಿದರು. ಡಾಕ್ಟರು ಸುಳ್ಳು ಹೇಳಲಿಲ್ಲ. "ಕಷ್ಟ" ಎಂದರು. ಗಾಲಿ ಮಂಚ ತಂದು ಪಕ್ಕದಲ್ಲಿ ನಿಲ್ಲಿಸಿದರು. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ತೆರೆದರೆ ಸಾಯುತ್ತೇನೆಂದು ನನಗೆ ಖಾತ್ರಿಯಿತ್ತು, ಬೇಡವೆನ್ನಲು ತಲೆಯಾಡಿಸಲೂ ಆಗುತ್ತಿರಲಿಲ್ಲ.

ಆದರೆ ಡಾಕ್ಟರಿಗೂ ಏನೋ ಅನುಮಾನ. ಅವರು ಬೆಂಗಳೂರಿನಲ್ಲಿದ್ದ ತಮ್ಮ ಗುರುಗಳಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದರು. ಲೈನು ಸಿಗುವವರೆಗೆ ಕಾಯೋಣ ಎಂದರು. ನಾನು, ನನ್ನ ಪಕ್ಕದ ಖಾಲಿ ಗಾಲಿ ಮಂಚ, ಎಲ್ಲ ಕಾದೆವು. ಫೋನಿದ್ದದ್ದು ವಾರ್ಡಿನ ಬಾಗಿಲಿನ ಆಚೆಯ ಕೋಣೆಯಲ್ಲಿ. ಕೊನೆಗೆ ಲೈನು ಸಿಕ್ಕಾಗ ಡಾಕ್ಟರು ಆಗಿನ ಟ್ರಂಕ್ ಕಾಲಿನ ಪದ್ಧತಿಯಂತೆ ಗಂಟಲು ಹರಿದುಕೊಂಡು ಕೂಗಬೇಕಾಯಿತು. ಹಾಗಾಗಿ ನನ್ನ ರೋಗದ ಕಥೆಯನ್ನೆಲ್ಲ ಇಡೀ ವಾರ್ಡು ಕೇಳಿಸಿಕೊಂಡಿತು. "ಹೌದು ಸಾರ್, ಎರಡೂ ಪಕ್ಕೆ. ಹೌದು, ರಕ್ತ ತೆಳ್ಳಗಾಗೋ ಮದ್ದು ಕೊಟ್ಟಿದೀನಿ. ವಾಂತಿ. ಹೊಟ್ಟೆ ಮೆತ್ತಗಿದೆ ಸಾರ್, ಗಟ್ಟಿಯಾಗಿಲ್ಲ." ಆಮೇಲೆ ಬಹಳ ಹೊತ್ತು ಬರೀ "ಹೂಂ, ಹೂಂ." ಆಮೇಲೆ, ಮೊದಲಿಗಿಂತ ಮೆಲ್ಲಗೆ, "ಸಾರ್, ಅದು ನನಗೆ ಹೊಳೀಲೇ ಇಲ್ಲ."

ಅವರು ಓಡಿಬಂದರು. ಅವರು ಓಡಿದ್ದನ್ನು ನಾನು ಕೇಳಿಸಿಕೊಂಡದ್ದು ಅದೇ ಮೊದಲು. ಉಬ್ಬಸದವರಿಗೆಂದು ಆಸ್ಪತ್ರೆಯಲ್ಲಿ ಇಟ್ಟಿದ್ದ ಒಂದು ಔಷಧಿಯನ್ನು ತರಿಸಿ, ತೋಳಿನ ನರಕ್ಕೆ ಕೊಟ್ಟು, ಉಪ್ಪುನೀರಿನ ಬಾಟಲಿಯನ್ನು ಜೋರಾಗಿ ಬಿಡಿಸಿದರು. ಗಾಲಿ ಮಂಚವನ್ನು ಹೊರಗೆ ಕಳಿಸಿದರು. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ತಾವೇ ಕೂತರು.

ಮೊದಲು ಬದಲಾದದ್ದು ಚಳಿ. ಬಿಸಿಲಿದ್ದರೂ ಒಳಗೊಳಗೇ ಕೊರೆಯುತ್ತಿದ್ದ ಚಳಿ ಬಿಟ್ಟಿತು. ಬಾಟಲಿ ಮುಗಿದು ಇನ್ನೊಂದನ್ನು ತೂಗುಹಾಕಿದಾಗ ರೆಪ್ಪೆ ತಾನಾಗಿ ತೆರೆಯಿತು. ಕಿಟಕಿಯಲ್ಲಿ ಬೆಟ್ಟಕ್ಕೆ ಸಂಜೆಯ ಬಣ್ಣ ಹತ್ತಿತ್ತು. ಡಾಕ್ಟರು ಬಗ್ಗಿ, "ಅಮ್ಮಾ, ಏನಾದ್ರೂ ಬೇಕಾ?" ಎಂದರು. ಎಷ್ಟೋ ಹೇಳುವುದಿತ್ತು. ಹೊರಬಂದದ್ದು ಮಾತ್ರ "ಉಪ್ಪಿನಕಾಯಿ" ಎಂಬ ಮಾತು. ಅಮ್ಮ ಗೋಳೋ ಎಂದು ಅತ್ತಳು. ಅತ್ತೆ ನಕ್ಕರು. ತಂಗಿ ಬೀಸಣಿಗೆ ಬಿಸಾಕಿ ಹೊರಗೆ ಓಡಿದಳು. ನನ್ನ ಗಂಡ ನನ್ನ ಪಾದ ಹಿಡಿದುಕೊಂಡು ನಿಂತಿದ್ದರು. ನಾನು ಕಾಲು ಎಳೆದುಕೊಂಡೆ. ನನಗೆ ಎಳೆದುಕೊಳ್ಳಲು ಸಾಧ್ಯವಾಯಿತೆಂಬ ಖುಷಿಯಲ್ಲಿ ಅವರು ಅದನ್ನು ತಪ್ಪು ತಿಳಿಯಲಿಲ್ಲ.

ಡಾಕ್ಟರು ಆಮೇಲೆ ನನಗೆ ಅರ್ಥವಾಗುವಂತೆ ಹೇಳಿದರು. ಎರಡು ಮೂತ್ರಪಿಂಡಗಳ ತಲೆಯ ಮೇಲೆ, ಅವರೆಕಾಯಿಯಷ್ಟೇ ಇರುವ ಎರಡು ಗ್ರಂಥಿಗಳಿವೆ. ಅಡ್ರಿನಲ್ ಅನ್ನುತ್ತಾರೆ. ಮೈಗೆ ಪೆಟ್ಟು ಬಿದ್ದಾಗ, ಕೊಯ್ದಾಗ, ಜ್ವರ ಬಂದಾಗ, ರಕ್ತದ ಒತ್ತಡ ಇಳಿಯದಂತೆ ಹಿಡಿದು ನಿಲ್ಲಿಸುವ ರಸ ಅಲ್ಲಿಂದ ಬರಬೇಕು. ದೊಡ್ಡ ಆಪರೇಷನ್ನಿನ ಆಯಾಸದಲ್ಲಿ ಅವಕ್ಕೆ ವಿಪರೀತ ರಕ್ತ ನುಗ್ಗಿರುತ್ತದೆ. ಅಂಥ ಹೊತ್ತಿನಲ್ಲಿ ಒಳಗೇ ರಕ್ತಸ್ರಾವವಾಗಿ ಎರಡೂ ಕೆಟ್ಟುಹೋಗಿವೆ. "ಬಹಳ ಅಪರೂಪಮ್ಮ. ಕಾಲಿಗೆ ಕೊಟ್ಟ ಮದ್ದೂ ಸೇರ್ಕೊಂಡಿರಬೇಕು. ಅದನ್ನ ಕೊಡದೆ ಇದ್ದಿದ್ರೆ ಕಾಲಿನ ಗಡ್ಡೆ ಎದೆಗೆ ಹೋಗ್ತಿತ್ತೋ ಏನೋ. ನನಗೆ ಗೊತ್ತಾಗ್ಲಿಲ್ಲ. ನಮ್ಮ ಗುರುಗಳು ಫೋನಲ್ಲೇ ಕಂಡುಹಿಡಿದ್ರು" ಎಂದರು. ಇಂಥವರು ಸಾಮಾನ್ಯವಾಗಿ ಬದುಕುವುದಿಲ್ಲ, ಸತ್ತ ಮೇಲೆ ಕೊಯ್ದಾಗಲೇ ಕಾರಣ ತಿಳಿಯುವುದು ಎಂದು ಹೇಳಿದ್ದು ನನ್ನ ಗಂಡನಿಗೆ. ಅದನ್ನೂ ನಾನು ಕೇಳಿಸಿಕೊಂಡೆ.

ಆ ರಸದ ಬದಲಿಗೆ ಕೊಡುತ್ತಿದ್ದ ಚುಚ್ಚುಮದ್ದು ಹೋಗಿ ಅದರದೇ ಮಾತ್ರೆ ಬಂತು. ಮಾತ್ರೆ ನಿಲ್ಲಿಸಬಹುದೇ ಎಂದು ಡಾಕ್ಟರು ಒಮ್ಮೆ ಬಹಳ ನಿಧಾನವಾಗಿ ಕಡಿಮೆ ಮಾಡಿ ನೋಡಿದರು. ಮತ್ತೆ ಅದೇ ಸುಸ್ತು, ಅದೇ ವಾಂತಿ. ಕೆಲವು ತಿಂಗಳ ಮೇಲೆ ಬೆಂಗಳೂರಿನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ, ಗ್ರಂಥಿಗಳಿರಬೇಕಾದ ಜಾಗದಲ್ಲಿ ಸುಣ್ಣದ ಹರಳಿನಂಥ ಎರಡು ಬಿಳಿ ಗುರುತುಗಳಿದ್ದವು. ಸೋರಿದ ರಕ್ತ ಗಟ್ಟಿಯಾಗಿ ಸುಣ್ಣಗಟ್ಟಿದೆ ಎಂದರು. ಬದುಕಿರುವವರೆಗೂ ಮಾತ್ರೆ. ಒಂದು ದಿನವೂ ತಪ್ಪುವಂತಿಲ್ಲ. ಜ್ವರ ಬಂದರೆ ಎರಡರಷ್ಟು. ವಾಂತಿಯಾದರೆ ತಕ್ಷಣ ಆಸ್ಪತ್ರೆ. ಉಪ್ಪು ಮೈಯಲ್ಲಿ ನಿಲ್ಲುವುದಿಲ್ಲ, ಅದನ್ನೂ ಹೆಚ್ಚಿಗೆ ತಿನ್ನಬೇಕು.

ಆ ಮಾತ್ರೆ ಆಗ ಶಿಡ್ಲಘಟ್ಟದಲ್ಲಿ ಸಿಗುತ್ತಿರಲಿಲ್ಲ, ಚಿಕ್ಕಬಳ್ಳಾಪುರದಲ್ಲೂ ಇಲ್ಲ. ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಬೇಕು. ಸೀಸೆಯ ತಳ ಕಾಣತೊಡಗಿದರೆ ಉಳಿದ ಮಾತ್ರೆಗಳನ್ನು ಎಣಿಸಿ ಎಣಿಸಿ ನೋಡುತ್ತಿದ್ದೆ. ಶಾಲೆಗೆ ಮರಳಿದೆ, ಆದರೆ ಮಕ್ಕಳ ಜೊತೆ ಬೆಟ್ಟ ಹತ್ತುವಂತಿಲ್ಲ. ಸಾದಲಿಯ ಶಾಲೆಗೆ ವರ್ಗವಾದಾಗ, ಹಠಾತ್ತನೆ ಏನಾದರೂ ಆದರೆ ಆಸ್ಪತ್ರೆ ದೂರವೆಂದು ಅರ್ಜಿ ಕೊಟ್ಟು ಅದನ್ನು ತಪ್ಪಿಸಿಕೊಂಡೆ. ಆ ಗ್ರಂಥಿಗಳು ಕೆಟ್ಟವರಿಗೆ ಆಗುವಂತೆ ಅಂಗೈಯ ಗೆರೆಗಳು, ಬೆರಳ ಗಿಣ್ಣುಗಳು, ವಸಡು ಕಪ್ಪಾದವು. ಬೀದಿಯ ಹೆಂಗಸರು "ಏನಮ್ಮ ಹಿಂಗೆ ಬಣ್ಣ ಕಳ್ಕೊಂಡೆ" ಎನ್ನುತ್ತಿದ್ದರು. ಕಟ್ಟಿಹಾಕಿದ ಹಸುವಿಗೆ ಹಗ್ಗ ಎಷ್ಟುದ್ದ ಇದೆಯೋ ಅಷ್ಟೇ ಮೇವು. ನನ್ನ ಹಗ್ಗದ ಉದ್ದ ಆ ಸೀಸೆ.

ಅದಕ್ಕಿಂತ ಬಿಗಿಯಾದ ಕಟ್ಟು ಇನ್ನೊಂದಿತ್ತು. ನಾನು ಕೇಳಿಸಿಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ. ನಾನು ಚೇತರಿಸಿಕೊಳ್ಳುವವರೆಗೆ ತಂಗಿ ನಮ್ಮ ಮನೆಯಲ್ಲೇ ಇದ್ದಳು. ನನ್ನ ಒಲೆಯ ಮುಂದೆ ಅವಳು ಕೂತಿರುತ್ತಿದ್ದಳು, ನನ್ನ ಮಗಳಿಗೆ ಜಡೆ ಹಾಕುತ್ತಿದ್ದಳು. ನನ್ನ ಗಂಡ ಕಚೇರಿಯಿಂದ ಬಂದಾಗ ಲೋಟದಲ್ಲಿ ಕಾಫಿ ಇಟ್ಟು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಮೊದಲು ಭಾವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದವಳು ಈಗ ಅವರ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಯಾಕೆ ಮಾತಾಡುವುದಿಲ್ಲ ಎಂದು ನಾನು ಮಲಗಿದಲ್ಲೇ ಯೋಚಿಸುತ್ತಿದ್ದೆ. ಮಾತಾಡಿದ್ದರೆ ಯಾಕೆ ಮಾತಾಡಿದಳೆಂದು ಯೋಚಿಸುತ್ತಿದ್ದೆನೇನೋ. ಅವರಿಬ್ಬರೂ ನನ್ನನ್ನು ಚೆನ್ನಾಗಿ ನೋಡಿಕೊಂಡರು; ಆ ಚೆನ್ನಾಗಿ ನೋಡಿಕೊಳ್ಳುವುದರಲ್ಲೂ ನಾನು ಏನನ್ನೋ ಹುಡುಕುತ್ತಿದ್ದೆ. ಮಂಚದಿಂದ ಎದ್ದಿದ್ದೆ, ಆ ಮಧ್ಯಾಹ್ನದಿಂದ ಎದ್ದಿರಲಿಲ್ಲ.

ನಾನು ಬದುಕಿದರೆ ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದಳು. ಮುಂದಿನ ವರ್ಷ ಅದನ್ನು ತೀರಿಸಲು ಹೋದೆವು. ಪೂಜೆ ಮುಗಿದು, ಬೇರೆಯವರು ಊಟದ ಏರ್ಪಾಟಿಗೆ ಹೋದಾಗ ದೊಡ್ಡ ಅರಳಿಮರದ ಕೆಳಗೆ ನಾನೂ ಅಮ್ಮನೂ ಇಬ್ಬರೇ ಉಳಿದೆವು. ಸುತ್ತ ಸಾಲುಸಾಲು ನಾಗರಕಲ್ಲುಗಳು. ನಮ್ಮದಕ್ಕೆ ಹಚ್ಚಿದ ಅರಿಶಿನ ಇನ್ನೂ ಒಣಗಿರಲಿಲ್ಲ.

"ಅಮ್ಮ, ಆವತ್ತು ಆಸ್ಪತ್ರೇಲಿ ತಂಗೀನ ಇವರಿಗೆ ಕೊಡೋ ಮಾತು ಆಡಿದೆಯಲ್ಲ. ನನಗೆ ಕೇಳಿಸ್ತಿತ್ತು."

ಅಮ್ಮ ತಟ್ಟೆಯನ್ನು ಕೆಳಗಿಟ್ಟಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

"ನಿಮ್ಮಣ್ಣ ಯಾರ ಮಗ, ಹೇಳು" ಎಂದಳು.

ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ವಿಷಯ. ಅಣ್ಣ ನನ್ನ ದೊಡ್ಡಮ್ಮನ ಮಗ. ಅಮ್ಮನ ಅಕ್ಕ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅಮ್ಮನನ್ನು ಅಪ್ಪನಿಗೆ ಕೊಟ್ಟಿದ್ದರು.

"ಅಕ್ಕನ ಸೂತಕ ಕಳೀತಿದ್ದಂಗೇ ನನ್ನನ್ನ ಈ ಮನೆಗೆ ಕಳಿಸ್ಬುಟ್ರು. ಮೈ ನೆರೆದು ಇನ್ನೂ ವರ್ಸ ತುಂಬಿರ್ಲಿಲ್ಲ. ಬೇಕಾ ಬ್ಯಾಡ್ವಾ ಅಂತ ಒಬ್ರೂ ಕೇಳ್ಲಿಲ್ಲ. ನಿಮ್ಮಪ್ಪನ ಮಖ ಎತ್ತಿ ನೋಡಕ್ಕೆ ಎಷ್ಟು ಕಾಲ ಆಯ್ತೋ ನಂಗೇ ಗೊತ್ತು. ಆದ್ರೆ ಆ ಕೂಸು ನನ್ನ ತೊಡೆ ಮೇಲೆ ಬದುಕ್ತು ಕಣೇ. ಇವತ್ತು ಅಮ್ಮ ಅಂತಾನೆ. ನಂಗೆ ಗೊತ್ತಿದ್ದಿದ್ದು ಅದೊಂದೇ ದಾರಿ."

"ಅವಳನ್ನೂ ಯಾರೂ ಕೇಳಲಿಲ್ಲ, ಅಮ್ಮ."

"ಇಲ್ಲ. ನಾನೂ ಕೇಳ್ಲಿಲ್ಲ" ಎಂದಳು. ತಟ್ಟೆಯನ್ನು ಮತ್ತೆ ಎತ್ತಿಕೊಂಡು, "ನೀನಾದ್ರೆ ಏನು ಮಾಡ್ತಿದ್ದೆ? ನಿನ್ನ ಮಗಳು ಹಂಗೆ ಬಿದ್ದಿದ್ರೆ, ಅವಳ ಕೂಸು ಜಗಲಿ ಮೇಲೆ ಕೂತಿದ್ರೆ?"

ಇಬ್ಬರೂ ಎದ್ದು ಊಟಕ್ಕೆ ಹೋದೆವು. ಅಮ್ಮ ನನ್ನ ಎಲೆಗೆ ತಾನೇ ಉಪ್ಪು ಬಡಿಸಿದಳು.

ಅದೇ ವಾರ ತಂಗಿಯನ್ನು ಟ್ರೈನಿಂಗಿಗೆ ಕಳಿಸಲು ಅಮ್ಮ ಒಪ್ಪಿದಳು. ಮದುವೆಯ ಮಾತನ್ನು ಎರಡು ವರ್ಷ ಯಾರೂ ಎತ್ತಲಿಲ್ಲ.

ನನ್ನ ಗಂಡನನ್ನು ಕೇಳಲು ಇನ್ನೂ ಹೆಚ್ಚು ಧೈರ್ಯ ಬೇಕಾಯಿತು. ಡಾಕ್ಟರಿಗೆ ತೋರಿಸಿಕೊಂಡು ಚಿಕ್ಕ ರೈಲಿನಲ್ಲಿ ಹಿಂದಿರುಗುತ್ತಿದ್ದೆವು. ಡಬ್ಬಿಯಲ್ಲಿ ಹೆಚ್ಚು ಜನರಿರಲಿಲ್ಲ. ಮಗಳು ಕಿಟಕಿಗೆ ಅಂಟಿಕೊಂಡು ದ್ರಾಕ್ಷಿ ತೋಟ ನೋಡುತ್ತಿದ್ದಳು. "ಆವತ್ತು ಅಮ್ಮ ಕೇಳಿದಾಗ ನೀವು ಯಾಕೆ ಸುಮ್ಮನಿದ್ರಿ?" ಎಂದೆ.

ಯಾವ ದಿನ ಎಂದು ಅವರು ಕೇಳಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಬೇಡ ಅನ್ನಬೇಕಾಗಿತ್ತು. ಬಾಯಿ ಬರಲಿಲ್ಲ. ಹೊರಗೆ ಹೋದೆ. ಜಗಲಿ ಮೇಲೆ ಇವಳು ಒಬ್ಬಳೇ ಕೂತು ಕಲ್ಲಾಟ ಆಡ್ತಿದ್ಲು. ಅದನ್ನ ನೋಡಿದಾಗ, ಅವರು ಹೇಳೋದು ಸರಿಯೇನೋ ಅಂತ ನನಗೂ ಅನ್ನಿಸ್ತು. ನಲ್ಲಿ ಹತ್ರ ಹೋಗಿ ಮುಖ ತೊಳ್ಕೊಂಡು ವಾಪಸು ಬರೋವರೆಗೆ ಅನ್ನಿಸ್ತು. ಆಮೇಲೆ ನನ್ನ ಮೇಲೇ ಅಸಹ್ಯ ಆಯ್ತು. ಅನ್ನಿಸ್ಲೇ ಇಲ್ಲ ಅಂದ್ರೆ ಸುಳ್ಳಾಗತ್ತೆ."

ನಾನು ಏನನ್ನು ಕೇಳಬಯಸಿದ್ದೆನೋ ಅದಲ್ಲ ಇದು. ನೋವಾಯಿತು. ಆದರೆ ಒಂದು ವರ್ಷದಿಂದ ನಾನು ಅವರ ಬಾಯಿಗೆ ತುಂಬಿಸಿದ್ದ ಮಾತುಗಳ ಮುಂದೆ ಈ ಮಾತು ಸಣ್ಣದಾಗಿತ್ತು, ಅಳತೆಗೆ ಸಿಕ್ಕುವಷ್ಟಿತ್ತು. ನಲ್ಲಿಯವರೆಗೆ ಹೋಗಿ ಬರುವಷ್ಟು. ಸ್ಟೇಷನ್ನಿನಲ್ಲಿ ಇಳಿಯುವಾಗ ಅವರು ಕೈ ಕೊಟ್ಟರು, ಹಿಡಿದುಕೊಂಡೆ.

ಟ್ರೈನಿಂಗ್ ಮುಗಿಸಿದ ತಂಗಿಗೆ ಚಿಂತಾಮಣಿಯ ಒಬ್ಬ ಮೇಷ್ಟರ ಜೊತೆ ಮದುವೆಯಾಯಿತು. ಹುಡುಗನನ್ನು ಅವಳೇ ಒಪ್ಪಿದ್ದಳು; ಅಮ್ಮ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಧಾರೆ ಮುಗಿಯುವವರೆಗೂ ನಾನು ಕೂತೇ ಇರಬೇಕೆಂದು ಡಾಕ್ಟರ ಅಪ್ಪಣೆಯಾಗಿತ್ತು. ನಾನು ಕೂರಲಿಲ್ಲ. ಒಂದು ಮಾತ್ರೆ ಹೆಚ್ಚಿಗೆ ನುಂಗಿ, ಮಜ್ಜಿಗೆಗೆ ಉಪ್ಪು ಹಾಕಿ ಕುಡಿದು, ದಿನವೆಲ್ಲ ಓಡಾಡಿದೆ. ಮಧ್ಯಾಹ್ನ ಊಟದ ಗಲಾಟೆಯಲ್ಲಿ ತಂಗಿ ನನ್ನನ್ನು ಸಾಮಾನಿನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ತಲೆ ತುಂಬ ಹೂವು, ಹಣೆಯ ಮೇಲೆ ಬೆವರು.

"ಅಕ್ಕ, ಒಂದು ಮಾತು ಹೇಳ್ಬೇಕು. ಆಸ್ಪತ್ರೇಲಿ ನಿನಗೆ ಎಲ್ಲಾ ಕೇಳಿಸ್ತಿತ್ತು ಅಂತ ಅಮ್ಮ ಹೇಳಿದ್ಲು. ಆ ದಿನ ನೀನು ಹೋಗಿಬಿಟ್ಟಿದ್ರೆ ನಾನು ಬಾವಿಗೆ ಬಿದ್ದುಬಿಡ್ತಿದ್ದೆ ಕಣೇ. ಭಾವ ಕೆಟ್ಟೋರು ಅಂತಲ್ಲ. ನಿನ್ನ ಮಂಚದಲ್ಲಿ ನಾನು ಹೆಂಗೆ ಮಲಗ್ಲಿ? ನೀನು ಬದುಕ್ಲಿ ಬದುಕ್ಲಿ ಅಂತ ನಾನು ದೇವರನ್ನ ಕೇಳ್ಕೊಂಡಿದ್ದು ನಿನಗೋಸ್ಕರ ಅಲ್ಲ, ನನಗೋಸ್ಕರ. ಅದಕ್ಕೆ ನಿನ್ನ ಮುಖ ನೋಡಕ್ಕೆ ನಾಚಿಕೆ ಆಗ್ತಿತ್ತು."

ಇಷ್ಟು ವರ್ಷ ಅವಳ ಮೌನಕ್ಕೆ ನಾನು ಎಷ್ಟೊಂದು ಅರ್ಥ ಹಚ್ಚಿದ್ದೆ!

"ಅಂದ್ರೆ ನಾನು ಬದುಕಿದ್ದು ನಿನ್ನ ಹಠಕ್ಕೆ ಅನ್ನು" ಎಂದೆ.

ಅವಳು ನಗುತ್ತಾ ಅಳತೊಡಗಿದಳು, ಕಾಡಿಗೆ ಕೆನ್ನೆಗೆ ಇಳಿಯಿತು. ಹೊರಗೆ ಯಾರೋ ಮದುಮಗಳನ್ನು ಹುಡುಕುತ್ತಿದ್ದರು. ನಾನು ನನ್ನ ಸೆರಗಿನ ತುದಿಯಿಂದ ಅವಳ ಮುಖ ಒರೆಸಿ, ಕಾಡಿಗೆಯನ್ನು ಮತ್ತೆ ತಿದ್ದಿ, ಬಾಗಿಲು ತೆಗೆದೆ.